ಕೆರೆ ಗಿಡದ ಹೆಸರು ಕೇಳುವ ಮೊದಲು: ನೋಡುವ, ಅಳೆಯುವ, ಬರೆಯುವ ಕ್ರಮ

ಮಳೆಗಾಲ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೆರೆ ಅಂಚಿನಲ್ಲಿ ತೆಗೆದ ಮಸುಕಾದ ಫೋಟೊ, ಕೆಳಗೆ "ಇದು ಯಾವ ಗಿಡ? ತಿನ್ನಬಹುದಾ?" ಅಂತ. ಒಬ್ಬರು ಹೊನಗೊನೆ ಎನ್ನುತ್ತಾರೆ, ಇನ್ನೊಬ್ಬರು ಬ್ರಾಹ್ಮಿ ಎನ್ನುತ್ತಾರೆ, ಮತ್ತೊಬ್ಬರು ಯಾವುದೋ ಆ್ಯಪ್ ಕೊಟ್ಟ ಹೆಸರನ್ನು ಹಾಗೇ ಅಂಟಿಸುತ್ತಾರೆ. ಫೋಟೊದಲ್ಲಿ ಹೂವೂ ಇಲ್ಲ, ಗಿಣ್ಣೂ ಕಾಣುವುದಿಲ್ಲ. ಹಾಗಿರುವಾಗ ಯಾರು ತಾನೇ ಸರಿಯಾಗಿ ಹೇಳಬಲ್ಲರು?

ಫೋಟೊ ಬೇಡ ಅಂತಲ್ಲ. ಅದರ ಜೊತೆಗೆ ಎಂಟು ಹತ್ತು ಸಾಲಿನ ವಿವರಣೆ ಇದ್ದರೆ ಗಿಡ ಬಲ್ಲವರು ದೂರದಲ್ಲಿ ಕೂತೇ ಹೆಸರು ಹೇಳಬಹುದು. ಅದಕ್ಕಿಂತ ಹೆಚ್ಚಾಗಿ, ಬರೆಯುತ್ತಾ ಹೋದಂತೆ ನಿಮಗೇ ಗೊತ್ತಾಗಿಬಿಡುತ್ತದೆ. ನನ್ನ ಮಟ್ಟಿಗೆ ನಿಯಮ ಒಂದೇ: ಹೆಸರು ಕೊನೆಗೆ. ಹೆಸರು ಮೊದಲೇ ತಲೆಗೆ ಬಂದರೆ ಕಣ್ಣು ಆ ಹೆಸರಿಗೆ ಹೊಂದುವುದನ್ನಷ್ಟೇ ಹುಡುಕುತ್ತದೆ, ಹೊಂದದಿರುವುದನ್ನು ಬಿಟ್ಟುಬಿಡುತ್ತದೆ.

ಮೊದಲು: ಜೊತೆಗೆ ಏನು ಬೇಕು

ಹೆಚ್ಚೇನೂ ಬೇಡ. ಒಂದು ನೋಟ್‌ಬುಕ್, ಮಿಲಿಮೀಟರ್ ಗೆರೆ ಇರುವ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ, ಒಂದು ಬ್ಲೇಡು, ಎರಡು ಪ್ಲಾಸ್ಟಿಕ್ ಚೀಲ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ನೀರು ಬಿದ್ದರೂ ಬರಹ ಹರಡುವುದಿಲ್ಲ. ಕೆರೆಗೆ ಇಳಿಯಬೇಡಿ. ಹೂಳು ಎಷ್ಟು ಆಳ ಇದೆ ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ದಡದಲ್ಲಿ ನಿಂತು ಕೋಲಿನಲ್ಲಿ ಎಳೆದುಕೊಳ್ಳಲು ಸಿಕ್ಕಿದ್ದೇ ಸಾಕು. ಜೊತೆಗೊಬ್ಬರು ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು: ದೂರದಿಂದ ನೋಡಿ

ಗಿಡ ಕೀಳುವ ಮೊದಲು ಅದು ನೀರಿನಲ್ಲಿ ಹೇಗೆ ನಿಂತಿದೆ ಎಂದು ಬರೆದುಕೊಳ್ಳಿ, ಯಾಕೆಂದರೆ ಕಿತ್ತ ಮೇಲೆ ಅದು ತಿಳಿಯುವುದಿಲ್ಲ. ಬೇರು ಕೆಸರಿನಲ್ಲಿದೆಯೋ, ಇಡೀ ಗಿಡವೇ ತೇಲುತ್ತಿದೆಯೋ? ಎಲೆ ನೀರಿನ ಒಳಗಿದೆಯೋ, ಮೇಲ್ಮೈಗೆ ಅಂಟಿಕೊಂಡಿದೆಯೋ, ನೀರು ಬಿಟ್ಟು ಮೇಲೆ ಎದ್ದಿದೆಯೋ? ಇಷ್ಟಕ್ಕೇ ಅರ್ಧ ಗಿಡಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಅಂತರಗಂಗೆ ತೇಲುವ ಗಿಡ, ಬೇರು ನೀರಿನಲ್ಲಿ ಜೋಲುತ್ತಿರುತ್ತದೆ. ತಾವರೆಯ ಗೆಡ್ಡೆ ಕೆಸರಿನಲ್ಲಿರುತ್ತದೆ. ಒಂದೆಲಗ ಕೆರೆಯ ನಡುವೆ ಇರುವುದೇ ಇಲ್ಲ, ಅದಕ್ಕೆ ತೇವದ ಅಂಚು, ಗದ್ದೆ ಬದು, ತೋಟದ ಕಾಲುವೆ ಬದಿ ಬೇಕು.

ಇಲ್ಲಿ ಒಂದು ಮೋಸ ಇದೆ. ನೀರು ಏರಿದಂತೆ, ಇಳಿದಂತೆ ಗಿಡ ವೇಷ ಬದಲಿಸುತ್ತದೆ. ಲಿಮ್ನೋಫಿಲಾ ಎಂಬ ಗದ್ದೆ ಗಿಡದ ಕೆಲವು ಜಾತಿಗಳಲ್ಲಿ ನೀರೊಳಗಿನ ಎಲೆ ದಾರದ ಹಾಗೆ ಸೀಳಿರುತ್ತದೆ, ಅದೇ ಗಿಡದ ಮೇಲಿನ ಎಲೆ ಮಾಮೂಲಿ ಎಲೆಯಂತೆ ಇಡಿಯಾಗಿರುತ್ತದೆ. ಹಾಗಾಗಿ ತಾರೀಕು, ಜಾಗ, ನೀರಿನ ಮಟ್ಟ ಮೂರನ್ನೂ ಬರೆಯಿರಿ. ಬರೆಯದಿದ್ದರೆ ಆರು ತಿಂಗಳ ನಂತರ ನಿಮ್ಮ ಟಿಪ್ಪಣಿ ನಿಮಗೇ ಅರ್ಥವಾಗುವುದಿಲ್ಲ.

ಮೂರನೆಯದು: ಎಲೆ, ಅದರಲ್ಲೂ ತೊಟ್ಟು ಸೇರುವ ಜಾಗ

ಎಲೆ ಎಂದ ಕೂಡಲೇ ಎಲ್ಲರೂ ಆಕಾರ ಬರೆಯುತ್ತಾರೆ. ದುಂಡಗಿದೆ, ಉದ್ದ ಇದೆ, ಅಷ್ಟೇ. ನೀರುಗಿಡಗಳಲ್ಲಿ ಅದಕ್ಕಿಂತ ಮುಖ್ಯವಾದದ್ದು ತೊಟ್ಟು ಎಲೆಗೆ ಎಲ್ಲಿ ಸೇರುತ್ತದೆ ಎನ್ನುವುದು.

ತಾವರೆ ಮತ್ತು ನೈದಿಲೆ ನೋಡಿ. ಇವೆರಡನ್ನೂ ಒಂದೇ ಎಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ತಾವರೆ ನಮ್ಮ ರಾಜ್ಯದ ಹೂವು, ಆದರೂ ಕ್ಯಾಲೆಂಡರುಗಳಲ್ಲಿ, ಮದುವೆ ಕಾಗದಗಳಲ್ಲಿ ತಾವರೆ ಎಂದು ನೈದಿಲೆ ಅಚ್ಚಾಗಿರುವುದನ್ನು ಎಷ್ಟು ಸಲ ನೋಡಿಲ್ಲ! ತಾವರೆ ಎಲೆ ಪೂರ್ತಿ ವೃತ್ತ, ಎಲ್ಲೂ ಸೀಳಿಲ್ಲ, ತೊಟ್ಟು ಸರಿಯಾಗಿ ನಡುವಿಗೆ ಸೇರುತ್ತದೆ. ಮೊದಲು ಬರುವ ಕೆಲವು ಎಲೆ ತೇಲುತ್ತವೆ, ಆಮೇಲಿನವು ನೀರಿನಿಂದ ಎದ್ದು ನಿಲ್ಲುತ್ತವೆ. ತೊಟ್ಟಿನ ಮೇಲೆ ಚಿಕ್ಕ ಮುಳ್ಳುಗಳಿರುತ್ತವೆ, ಕೈಯಾಡಿಸಿದರೆ ಗೊತ್ತಾಗುತ್ತದೆ. ಎಲೆಯ ಮೇಲೆ ನೀರು ಹಾಕಿದರೆ ಹನಿ ಉರುಳಿ ಹೋಗುತ್ತದೆ. ನೈದಿಲೆ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ, ಎಲೆ ಸಾಮಾನ್ಯವಾಗಿ ನೀರಿನ ಮೇಲೆ ಮಲಗಿರುತ್ತದೆ, ತೊಟ್ಟು ನುಣುಪು. ಇಷ್ಟು ಸಾಕು, ಹೂವೇ ಬೇಡ.

ನೋಡಲು ಅಕ್ಕತಂಗಿಯರಂತೆ ಕಂಡರೂ ಇವು ಬೇರೆ ಬೇರೆ ಕುಟುಂಬದವು. ತಾವರೆ, ಅಂದರೆ ನೆಲುಂಬೊ ನ್ಯೂಸಿಫೆರಾ, ತನ್ನದೇ ಪುಟ್ಟ ಕುಟುಂಬದಲ್ಲಿದೆ. ವಂಶಾವಳಿ ನೋಡಿದರೆ ಅದಕ್ಕೆ ಹತ್ತಿರದ ನೆಂಟ ನೈದಿಲೆ ಅಲ್ಲ, ನಮ್ಮ ರಸ್ತೆ ಬದಿಯ, ಕಾಫಿ ತೋಟದ ನೆರಳಿನ ಸಿಲ್ವರ್ ಓಕ್ ಮರ! ಕಾಫಿ ತೋಟದವರು ಈ ಮಾತನ್ನು ಸುಲಭಕ್ಕೆ ನಂಬುವುದಿಲ್ಲ.

ನೈದಿಲೆಯಲ್ಲೂ ಒಂದೇ ಜಾತಿ ಇಲ್ಲ. ಎಲೆ ತಿರುಗಿಸಿ ನೋಡಿ. ಕೆಳಭಾಗದಲ್ಲಿ ನವಿರಾದ ರೋಮ ಇದ್ದು, ಅಂಚಿನಲ್ಲಿ ಚೂಪು ಹಲ್ಲುಗಳಿದ್ದು, ಹೂವು ರಾತ್ರಿ ಅರಳುತ್ತಿದ್ದರೆ ಅದು ನಿಂಫಿಯಾ ಪ್ಯುಬೆಸೆನ್ಸ್. ಕೆಳಭಾಗ ನುಣುಪಾಗಿದ್ದು ಹಗಲಿನಲ್ಲಿ ನೀಲಿ ಹೂವು ಅರಳಿದರೆ ನಿಂಫಿಯಾ ನೌಚಾಲಿ. ಇನ್ನೊಂದು ಚಿಕ್ಕ ಗಿಡ ಇದೆ, ಹೃದಯದಾಕಾರದ ತೇಲುವ ಎಲೆ, ಎಸಳಿನ ತುಂಬ ಬಿಳಿ ಎಳೆ ಎಳೆಯಾದ ರೋಮ ಇರುವ ಪುಟ್ಟ ಹೂವು. ಅದನ್ನು ಮರಿ ನೈದಿಲೆ ಎಂದುಕೊಳ್ಳುತ್ತಾರೆ. ಅದು ನಿಂಫಾಯ್ಡಿಸ್, ಕುಟುಂಬವೇ ಬೇರೆ.

ಕೆಸುವಿಗೂ ಇದೇ ಪರೀಕ್ಷೆ. ಪತ್ರೊಡೆ ಮಾಡುವ ಕೆಸುವಿನ ಎಲೆಯಲ್ಲಿ ತೊಟ್ಟು ಅಂಚಿಗೆ ಸೇರುವುದಿಲ್ಲ, ಸ್ವಲ್ಪ ಒಳಗೆ ಎಲೆಯ ಹಿಂಭಾಗಕ್ಕೆ ಸೇರುತ್ತದೆ. ತೊಟ್ಟು ನೇರವಾಗಿ ಸೀಳಿನ ಬುಡಕ್ಕೇ ಬಂದು ಸೇರಿದ್ದರೆ ಅದು ಬೇರೆ ಗಿಡ, ಅಂಗಳದ ಅಲಂಕಾರದ ಗಿಡವೂ ಆಗಿರಬಹುದು. ಇನ್ನು ಸರಿಯಾದ ಕೆಸುವೇ ಆದರೂ ಅದರಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ಹುಣಸೆ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದು ಅಜ್ಜಿಯರು ಸುಮ್ನೆ ಹೇಳಿದ್ದಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರದ ಮೇಲೆ ಬೆಳೆಯುವ ಮರಕೆಸು ಮತ್ತೊಂದೇ ಸಸ್ಯ, ಅದರಲ್ಲೂ ಪತ್ರೊಡೆ ಆಗುತ್ತದೆ.

ತೊಟ್ಟಿನ ಲೆಕ್ಕ ಮುಗಿದ ಮೇಲೆ ಉಳಿದದ್ದನ್ನು ಬೇಗ ಬೇಗ ಬರೆದುಕೊಳ್ಳಿ: ಉದ್ದ, ಅಗಲ, ಅಂಚು ನುಣುಪೋ ಹಲ್ಲು ಹಲ್ಲೋ, ತುದಿ ಚೂಪೋ ಮೊಂಡೋ, ನರಗಳು ಸಾಲಾಗಿವೆಯೋ ಬಲೆಯಂತಿವೆಯೋ. ಅಳತೆಯನ್ನು ಒಂದೇ ಎಲೆಯಿಂದ ತೆಗೆಯಬೇಡಿ. ಚಿಕ್ಕದು, ದೊಡ್ಡದು ಎರಡೂ ಅಳೆದು "3ರಿಂದ 6 ಸೆಂ.ಮೀ." ಎಂದು ಬರೆಯಿರಿ.

ನಾಲ್ಕನೆಯದು: ಕಾಂಡ ಮತ್ತು ಗಿಣ್ಣು

ಎಲೆಗಳು ಒಂದೇ ಗಿಣ್ಣಿನಲ್ಲಿ ಎದುರುಬದುರಾಗಿವೆಯೋ, ಒಂದು ಆ ಕಡೆ ಒಂದು ಈ ಕಡೆ ಬಂದಿವೆಯೋ, ಸುತ್ತಲೂ ಇವೆಯೋ? ಗಿಣ್ಣಿನಲ್ಲಿ ಬೇರು ಬಿಟ್ಟಿದೆಯೋ? ಕಾಂಡ ಕತ್ತರಿಸಿದರೆ ಟೊಳ್ಳೋ ಗಟ್ಟಿಯೋ, ಹಾಲು ಬರುತ್ತದೋ? ತಾವರೆ ತೊಟ್ಟನ್ನು ಮುರಿದು ಮೆಲ್ಲಗೆ ಎಳೆಯಿರಿ, ನಡುವೆ ಬಿಳಿ ನೂಲು ಬರುತ್ತದೆ. ನೀರು ಸಾಗಿಸುವ ನಾಳಗಳ ಗೋಡೆಯಲ್ಲಿರುವ ಸುರುಳಿ ಅದು. ಮ್ಯಾನ್ಮಾರ್‌ನ ಇನ್ಲೆ ಸರೋವರದ ನೇಕಾರರು ಇದೇ ನೂಲಿನಿಂದ ಬಟ್ಟೆ ನೇಯುತ್ತಾರೆ.

ಬ್ರಾಹ್ಮಿ ಜಗಳ ಬಗೆಹರಿಯುವುದು ಇಲ್ಲೇ. ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎನ್ನುತ್ತಾರೆ. ಯಾರು ಸರಿ ಎಂದು ವಾದಿಸುವುದಕ್ಕಿಂತ ಕಾಂಡ ನೋಡುವುದು ಮೇಲು. ಒಂದೆಲಗದ್ದು ನೆಲದ ಮೇಲೆ ಓಡುವ ತೆಳು ಬಳ್ಳಿ, ಗಿಣ್ಣಿಗೊಂದು ಬೇರು, ಅಲ್ಲಿಂದ ಉದ್ದ ತೊಟ್ಟಿನ ಮೇಲೆ ಅಂಚಿನಲ್ಲಿ ಅಲೆ ಅಲೆಯಾದ ಎಲೆ ಏಳುತ್ತದೆ. ಕರಾವಳಿಯವರು ತಿಮರೆ ಎನ್ನುವುದು, ತಂಬುಳಿ, ಚಟ್ನಿ ಮಾಡುವುದು ಇದನ್ನೇ. ಇದು ಕೊತ್ತಂಬರಿ, ಕ್ಯಾರೆಟ್ ಕುಟುಂಬದ್ದು. ಹೂವು ಎಷ್ಟು ಚಿಕ್ಕದೆಂದರೆ ಎಲೆಗಳ ಬುಡದಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕು. ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿಯ ಕಾಂಡ ರಸಭರಿತ, ಎಲೆ ದಪ್ಪ, ಉಗುರಿನಷ್ಟು ಚಿಕ್ಕದು, ತೊಟ್ಟಿಲ್ಲ, ಎದುರುಬದುರಾಗಿ ಜೋಡಿಸಿದಂತೆ ಇರುತ್ತದೆ. ಹೂವು ಬಿಳಿ ಅಥವಾ ತಿಳಿ ನೇರಳೆ, ಐದು ಎಸಳಿನಂತೆ ಕಾಣುತ್ತದೆ, ಎಲೆಯ ಕಂಕುಳಿನಿಂದ, ಅಂದರೆ ಎಲೆ ಕಾಂಡಕ್ಕೆ ಸೇರುವ ಸಂದಿನಿಂದ, ಒಂಟಿಯಾಗಿ ಬರುತ್ತದೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಗೊಂದಲ ಆಗುವ ಮಾತೇ ಇಲ್ಲ.

ಐದನೆಯದು: ಹೂವು ಎಲ್ಲಿಂದ ಹೊರಟಿದೆ

ತಿನ್ನುವ ಸೊಪ್ಪಿನ ವಿಷಯದಲ್ಲಿ ನಾನು ಜಾಸ್ತಿ ಒತ್ತು ಕೊಡುವುದು ಈ ಹೆಜ್ಜೆಗೆ. ಬಣ್ಣಕ್ಕಿಂತ ಮೊದಲು ಬರೆಯಬೇಕಾದ್ದು, ಹೂವು ಗಿಡದ ಯಾವ ಜಾಗದಿಂದ ಹೊರಟಿದೆ ಮತ್ತು ಅದಕ್ಕೆ ತೊಟ್ಟು ಇದೆಯೋ ಇಲ್ಲವೋ.

ಹೊನಗೊನೆ ಸೊಪ್ಪು ಎಲ್ಲರಿಗೂ ಗೊತ್ತು, ಆಲ್ಟರ್ನಾಂತೆರಾ ಸೆಸಿಲಿಸ್. ಕಣ್ಣಿಗೆ ಒಳ್ಳೆಯದು ಅಂತ ಪಲ್ಯ, ಸಾರು ಮಾಡುತ್ತೇವೆ. ಅದೇ ಕುಲದ ಇನ್ನೊಂದು ಗಿಡ ಅಲಿಗೇಟರ್ ವೀಡ್, ಆಲ್ಟರ್ನಾಂತೆರಾ ಫಿಲಾಕ್ಸೆರಾಯ್ಡಿಸ್. ದಕ್ಷಿಣ ಅಮೆರಿಕದಿಂದ ಬಂದ ಕಳೆ. ಬೆಂಗಳೂರಿನ ಕೆರೆಗಳಲ್ಲಿ, ಅದೂ ಕೊಳಚೆ ಸೇರುವ ಕಡೆ, ಹಸಿರು ಹಾಸಿನಂತೆ ಹಬ್ಬಿರುತ್ತದೆ. ಎರಡಕ್ಕೂ ಎಲೆ ಎದುರುಬದುರು, ಎರಡಕ್ಕೂ ಬಿಳಿ ಕಾಗದದಂಥ ಪುಟ್ಟ ಹೂಗಳ ಗುಂಡು ಗೊಂಚಲು. ಕಟ್ಟು ಕಟ್ಟಿ ಇಟ್ಟರೆ ಗೊತ್ತೇ ಆಗುವುದಿಲ್ಲ.

ವ್ಯತ್ಯಾಸ ಇಷ್ಟೇ. ಹೊನಗೊನೆಯ ಗೊಂಚಲು ಎಲೆಯ ಕಂಕುಳಲ್ಲಿ ಕಾಂಡಕ್ಕೇ ಅಂಟಿಕೊಂಡಿರುತ್ತದೆ, ತೊಟ್ಟೇ ಇಲ್ಲ, ಅರ್ಧ ಸೆಂಟಿಮೀಟರ್ ಆಸುಪಾಸಿನದು. ಕಳೆ ಗಿಡದ ಗೊಂಚಲು ಒಂದರಿಂದ ಹಲವು ಸೆಂಟಿಮೀಟರ್ ಉದ್ದದ ತೊಟ್ಟಿನ ತುದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ, ದೊಡ್ಡದಾಗಿಯೂ ಇರುತ್ತದೆ. ಕಾಂಡ ಟೊಳ್ಳಾಗಿದ್ದರೆ ಕಳೆ ಎಂದು ಕೆಲವರು ಹೇಳುತ್ತಾರೆ. ಅದನ್ನೊಂದೇ ನಂಬಬೇಡಿ, ನೀರಿನಲ್ಲಿ ಬೆಳೆದ ಹೊನಗೊನೆಯ ಕಾಂಡವೂ ದಪ್ಪವಾಗಿ ಟೊಳ್ಳಾಗುತ್ತದೆ. ಹೂವಿನ ತೊಟ್ಟು ಮಾತ್ರ ಮೋಸ ಮಾಡುವುದಿಲ್ಲ. ಹೂವಿಲ್ಲದ ಕಟ್ಟು ಸಿಕ್ಕರೆ? ಕೆರೆಯಿಂದ ಕಿತ್ತದ್ದಾದರೆ ನಾನು ಬಿಟ್ಟುಬಿಡುತ್ತೇನೆ.

ಹೂವಿನ ಬಣ್ಣ ನೋಡಿ ಮೋಸಹೋಗುವ ಮತ್ತೊಂದು ಜೋಡಿ ಇದೆ. ನೀರಿನಲ್ಲಿ ಹರಡುವ ತಿನ್ನುವ ಬಳ್ಳಿ ಐಪೋಮಿಯಾ ಅಕ್ವಾಟಿಕಾ, ಬಂಗಾಳಿಗಳ ಕಲ್ಮಿ ಸೊಪ್ಪು. ಅದರದೇ ಕುಲದ ಐಪೋಮಿಯಾ ಕಾರ್ನಿಯಾ, ಉತ್ತರ ಕರ್ನಾಟಕದವರು ಬೇಷರಮ್ ಗಿಡ ಎನ್ನುವುದು. ಎರಡರದ್ದೂ ಕೊಳವೆ ಬಾಯಿಯ ತಿಳಿ ಗುಲಾಬಿ ಹೂವು. ಆದರೆ ಕಲ್ಮಿ ನೆಲಕ್ಕೆ, ನೀರಿಗೆ ಒರಗಿದ ಟೊಳ್ಳು ಬಳ್ಳಿ. ಬೇಷರಮ್ ಆಳೆತ್ತರಕ್ಕೆ ನಿಲ್ಲುವ ಪೊದೆ, ಬುಡ ಕಟ್ಟಿಗೆಯಾಗುತ್ತದೆ. ಇದು ವಿಷ. ಮೇಯ್ದ ಆಡುಗಳು ನಡುಗುತ್ತಾ, ತಡವರಿಸುತ್ತಾ ಸೊರಗುತ್ತವೆ. ದೂರದಿಂದ ನೋಡಿ ಬರೆಯಿರಿ ಎಂದು ಎರಡನೇ ಹೆಜ್ಜೆಯಲ್ಲಿ ಹೇಳಿದ್ದು ಇಂಥದ್ದಕ್ಕೇ.

ಇನ್ನು ಹೂವಿನ ಒಳಗೆ. ಹೊರಗಿನಿಂದ ಒಳಕ್ಕೆ ಕ್ರಮವಾಗಿ ಹೋಗಿ: ಹಸಿರು ಪುಷ್ಪಪತ್ರ, ಬಣ್ಣದ ಎಸಳು, ಕೇಸರ, ನಡುವಿನ ಅಂಡಾಶಯ. ಎಷ್ಟಿವೆ, ಒಂದಕ್ಕೊಂದು ಅಂಟಿವೆಯೋ ಬಿಡಿಯೋ ಅಷ್ಟು ಬರೆದರೆ ಸಾಕು. ತಾವರೆಯಂಥ ಹೂವಿನಲ್ಲಿ ಕೇಸರ ಎಣಿಸಲು ಕೂರಬೇಡಿ, "ಹಲವು" ಎಂದು ಬರೆಯಿರಿ, ಸಸ್ಯಶಾಸ್ತ್ರಜ್ಞರೂ ಹಾಗೇ ಬರೆಯುತ್ತಾರೆ. ತಾವರೆಯ ನಡುವೆ ಶವರ್ ತಲೆಯಂಥ ಹಳದಿ ಪೀಠ ಇದೆ, ಅದರ ತೂತುಗಳಲ್ಲಿ ಒಂದೊಂದೇ ಕಾಯಿ ಕೂತಿರುತ್ತದೆ. ನೈದಿಲೆಯಲ್ಲಿ ಇಂಥದ್ದಿಲ್ಲ, ಅದರ ಕಾಯಿ ನೀರೊಳಗೆ ಮುಳುಗಿ ಬಲಿಯುತ್ತದೆ.

ಹೂವು ನೋಡಲು ಬೆಳಗಿನ ಹೊತ್ತು ಒಳ್ಳೆಯದು, ಗಂಟೆಯನ್ನೂ ಬರೆದಿಡಿ. ತಾವರೆ ಮೂರು ನಾಲ್ಕು ದಿನ ತೆರೆದು ಮುಚ್ಚಿ ಆಮೇಲೆ ಎಸಳು ಉದುರಿಸುತ್ತದೆ. ಆ ದಿನಗಳಲ್ಲಿ ಅದು ತನ್ನೊಳಗೆ ಶಾಖವನ್ನೂ ಹುಟ್ಟಿಸುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅಳೆದಾಗ ಹೊರಗಿನ ಗಾಳಿ 10 ಡಿಗ್ರಿಗೆ ಇಳಿದಿದ್ದರೂ ಹೂವಿನ ಒಳಗೆ 30 ಡಿಗ್ರಿಗಿಂತ ಮೇಲೆ ಇತ್ತು. ಬೆಚ್ಚಗಿದ್ದರೆ ದುಂಬಿಗಳು ಒಳಗೆ ಉಳಿಯುತ್ತವೆ ಎನ್ನುವುದು ಅದಕ್ಕೆ ಕೊಡುವ ಒಂದು ಕಾರಣ.

ಕಾಯಿ, ಬೀಜ ಸಿಕ್ಕರೆ ಬಿಡಬೇಡಿ. ಮಖಾನಾ ಪ್ಯಾಕೆಟ್ಟಿನ ಮೇಲೆ ತಾವರೆ ಚಿತ್ರ ಹಾಕಿ, ತಾವರೆ ಬೀಜ ಎಂದೇ ಮಾರುತ್ತಾರೆ, ಅಲ್ವಾ? ಅದು ತಾವರೆಯದ್ದಲ್ಲ. ಯೂರಿಯಾಲೆ ಫೆರಾಕ್ಸ್ ಎಂಬ, ಎಲೆ ತುಂಬ ಮುಳ್ಳಿರುವ ನೈದಿಲೆ ಕುಟುಂಬದ ಗಿಡದ ಬೀಜ. ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುತ್ತಾರೆ, 2022ರಲ್ಲಿ ಮಿಥಿಲಾ ಮಖಾನಾಕ್ಕೆ ಜಿಐ, ಅಂದರೆ ಆ ಊರಿನದ್ದೇ ಎಂಬ ಭೌಗೋಳಿಕ ಗುರುತು, ಸಿಕ್ಕಿತು. ತಾವರೆ ಬೀಜವನ್ನೂ ತಿನ್ನುತ್ತಾರೆ, ಅದು ಬೇರೆ. ಅದರ ಸಿಪ್ಪೆ ಎಷ್ಟು ಗಟ್ಟಿ ಎಂದರೆ ಚೀನಾದ ಒಂದು ಒಣ ಕೆರೆಯಲ್ಲಿ ಸಿಕ್ಕ ಸುಮಾರು 1300 ವರ್ಷ ಹಳೆಯ ಬೀಜ ಕೂಡ ಮೊಳೆತಿತ್ತು.

ಆರನೆಯದು: ಈಗ ಬರೆಯಿರಿ

ಕ್ರಮ ಯಾವಾಗಲೂ ಒಂದೇ ಇರಲಿ: ಗಿಡದ ಸ್ವಭಾವ, ಬೇರು, ಕಾಂಡ, ಎಲೆ, ಹೂಗೊಂಚಲು, ಹೂವು, ಕಾಯಿ, ಬೀಜ, ಜಾಗ, ತಾರೀಕು. ಪೂರ್ತಿ ವಾಕ್ಯ ಬೇಕಿಲ್ಲ. "ಸುಂದರ", "ಮನಮೋಹಕ" ಇವು ಬೇಡವೇ ಬೇಡ, ಗಿಡ ಗುರುತಿಸಲು ಉಪಯೋಗಕ್ಕೆ ಬರುವುದಿಲ್ಲ. ಒಂದು ಮಾದರಿ ಕೊಡುತ್ತೇನೆ, ಹೊನಗೊನೆಯದ್ದೇ:

"ನೆಲಕ್ಕೆ ಒರಗಿ ಹರಡುವ ಗಿಡ, ತುದಿ ಮೇಲೆದ್ದಿದೆ. ಕೆಳಗಿನ ಗಿಣ್ಣುಗಳಲ್ಲಿ ಬೇರು. ಕಾಂಡ ಹಸಿರು, ಅಲ್ಲಲ್ಲಿ ಕೆಂಪು ಛಾಯೆ, ಎರಡು ಸಾಲು ನವಿರು ರೋಮ, ಹಾಲಿಲ್ಲ. ಎಲೆ ಎದುರುಬದುರು, 2ರಿಂದ 5 ಸೆಂ.ಮೀ. ಉದ್ದ, ಎರಡೂ ತುದಿ ಕಿರಿದು, ಅಂಚು ನುಣುಪು, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಹೂಗೊಂಚಲು ಎಲೆಯ ಕಂಕುಳಲ್ಲಿ, ತೊಟ್ಟಿಲ್ಲ, ಗುಂಡಗೆ, ಸುಮಾರು 5 ಮಿ.ಮೀ. ಹೂವು ಬಿಳಿ, ಒಣ ಕಾಗದದಂತೆ, ಐದು ಭಾಗ. ಕಾಯಿ ಚಪ್ಪಟೆ, ತುದಿಯಲ್ಲಿ ಕಚ್ಚು. ಗದ್ದೆ ಬದು, ತೇವದ ಮಣ್ಣು, ಬಿಸಿಲು."

ಇಷ್ಟೇ. ಗೊತ್ತಾಗದ್ದನ್ನು ಊಹಿಸಿ ತುಂಬಬೇಡಿ. "ಕಾಯಿ ಸಿಗಲಿಲ್ಲ" ಎಂದು ಬರೆದರೆ ಓದುವವರಿಗೆ ಅದೂ ಮಾಹಿತಿಯೇ. ಫೋಟೊ ತೆಗೆಯುವುದಾದರೆ ಇಡೀ ಗಿಡ, ಎಲೆಯ ಹಿಂಭಾಗ, ಗಿಣ್ಣು, ಹೂವು ಪಕ್ಕದಿಂದ, ಪ್ರತಿಯೊಂದರ ಜೊತೆ ಸ್ಕೇಲು ಇರಲಿ. ಮೇಲಿನಿಂದ ತೆಗೆದ ಹೂವಿನ ಫೋಟೊ ಡಿಪಿಗೆ ಚೆನ್ನ, ಅಷ್ಟೇ.

ಏಳನೆಯದು: ಹೆಸರು

ಊರಿನವರು ಹೇಳುವ ಹೆಸರನ್ನು ಮೊದಲು ಬರೆಯಿರಿ, ಯಾವ ಊರು ಎಂದೂ ಬರೆಯಿರಿ. ಕನ್ನಡದ ಹೆಸರು ಘಟ್ಟ ಇಳಿದರೆ ಬದಲಾಗುತ್ತದೆ, ಒಂದೇ ಹೆಸರು ಮೂರು ಗಿಡಕ್ಕೂ ಇರುತ್ತದೆ. ಪತ್ರಿಕೆಗಳಲ್ಲಿ ಕೆರೆ ತುಂಬಿದ ನೇರಳೆ ಹೂವಿನ ಕಳೆಗೂ ಅಂತರಗಂಗೆ ಎನ್ನುತ್ತಾರೆ, ಎಲೆಕೋಸಿನಂತೆ ಎಲೆ ಜೋಡಿಸಿಕೊಂಡ ಪಿಸ್ಟಿಯಾಕ್ಕೂ ಅದೇ ಹೆಸರು. ಆದ್ದರಿಂದ ಕೊನೆಗೊಂದು ವೈಜ್ಞಾನಿಕ ಹೆಸರು ಬೇಕೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು (ಒಣಗಿಸಿದ ಗಿಡಗಳ ಮಾದರಿ ಸಂಗ್ರಹ) ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಿಮ್ಮ ವಿವರಣೆಯನ್ನು ಅಲ್ಲಿನ ವಿವರಣೆ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಜಾಲತಾಣಗಳಲ್ಲಿ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ಆ್ಯಪ್ ಕೊಟ್ಟ ಹೆಸರನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಹತ್ತರಲ್ಲಿ ಒಂದು ಸಾಲು ಹೊಂದದಿದ್ದರೂ ಅದನ್ನು ಮುಚ್ಚಿಡಬೇಡಿ, ಬಹಳ ಸಲ ಆ ಒಂದು ಸಾಲೇ ಸರಿ, ಉಳಿದ ಊಹೆ ತಪ್ಪು.

ಮಾದರಿ ಒಣಗಿಸಿಡುವ ಆಸೆ ಇದ್ದರೆ ನೀರೊಳಗಿನ ಮೆತ್ತನೆ ಗಿಡಕ್ಕೆ ಒಂದು ಉಪಾಯ. ತಟ್ಟೆಯಲ್ಲಿ ನೀರು ಹಾಕಿ ಗಿಡ ತೇಲಿಸಿ, ಕೆಳಗಿನಿಂದ ದಪ್ಪ ಕಾಗದ ತೂರಿಸಿ ಮೆಲ್ಲಗೆ ಮೇಲೆತ್ತಿ. ಎಲೆಗಳು ಹರಡಿಕೊಂಡೇ ಕಾಗದಕ್ಕೆ ಕೂರುತ್ತವೆ. ಹಳೆ ಪೇಪರಿನ ನಡುವೆ ಭಾರ ಇಟ್ಟು, ಪೇಪರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಕೊನೆಗೆ: ತಿನ್ನಬಹುದಾ?

ರುಚಿ ನೋಡಿ ಗಿಡ ಗುರುತಿಸುವ ಅಭ್ಯಾಸ ಬೇಡ, ನಾಲಿಗೆ ತುದಿಗೂ ಬೇಡ. ಇನ್ನು ಹೆಸರು ಸರಿಯಾದ ಮಾತ್ರಕ್ಕೆ ಊಟಕ್ಕೆ ಸರಿ ಎಂದೇನೂ ಅಲ್ಲ. ನೀರುಗಿಡಗಳು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಒಳಗೆ ಇಟ್ಟುಕೊಳ್ಳುತ್ತವೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಂಥ ಕಡೆ ಬೆಳೆದ ಅಸಲಿ ಹೊನಗೊನೆಯನ್ನೂ ನಾನು ಅಡುಗೆಮನೆಗೆ ತರುವುದಿಲ್ಲ.

ಶುದ್ಧ ನೀರಿನ ಗಿಡವಾದರೂ ದನ ಮೇಯುವ, ಬಸವನಹುಳು ಇರುವ ಗದ್ದೆ ಕೆರೆಗಳ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ. ಯಕೃತ್ತಿನ ಹುಳುವಿನಂಥ ಪರೋಪಜೀವಿಗಳ ಮರಿಗಳು ಎಲೆಗೆ ಅಂಟಿರುತ್ತವೆ. ಚೆನ್ನಾಗಿ ಬೇಯಿಸಿದರೆ ಆ ಭಯ ಇಲ್ಲ. ಒಂದೆಲಗದ ತಂಬುಳಿಯನ್ನು ಹಸಿಯಾಗಿ ರುಬ್ಬುವವರು ಮನೆಯಲ್ಲಿ ಬೆಳೆದದ್ದನ್ನೇ ಬಳಸುವುದು ಉತ್ತಮ.

ಬೆಳೆಯುವುದೂ ಸುಲಭ. ಒಂದೆಲಗದ ಬಳ್ಳಿಯನ್ನು ಬೇರು ಬಿಟ್ಟ ಒಂದು ಗಿಣ್ಣು ಸಹಿತ ಕತ್ತರಿಸಿ, ಅಗಲ ಬಾಯಿಯ ಕುಂಡದಲ್ಲಿ ಅರೆ ನೆರಳಿನಲ್ಲಿ ನೆಡಿ, ಮಣ್ಣು ಒಣಗಲು ಬಿಡಬೇಡಿ. ಹೊನಗೊನೆಗೆ ಎರಡು ಮೂರು ಗಿಣ್ಣಿರುವ ಬಲಿತ ತುಂಡು ಸಾಕು, ಒಂದು ಗಿಣ್ಣು ಮಣ್ಣಿನೊಳಗೆ ಇರಲಿ, ಇದಕ್ಕೆ ಸ್ವಲ್ಪ ಬಿಸಿಲು ಬೇಕು. ಮಾರುಕಟ್ಟೆಯ ಕಟ್ಟಿನಿಂದ ತುಂಡು ತೆಗೆದಿದ್ದರೆ, ಮೊದಲ ಸಲ ಹೂ ಬರುವವರೆಗೆ ಸಾರಿಗೆ ಹಾಕದೆ ಕಾಯಿರಿ. ಗೊಂಚಲಿಗೆ ತೊಟ್ಟು ಬಂತೋ, ಬುಡಸಮೇತ ಕಿತ್ತು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ಚರಂಡಿಗೋ ಕೆರೆಗೋ ಮಾತ್ರ ಎಸೆಯಬೇಡಿ, ಆ ಕಳೆ ಒಂದು ತುಂಡು ಗಿಣ್ಣಿನಿಂದಲೇ ಮತ್ತೆ ಹಬ್ಬುತ್ತದೆ.